ಅಗ್ಗಕ್ಕೆ ಸಿಕ್ಕ ಟೇಪ್ ಕ್ಯಾಮೆರಾ: ದೋಷ ಎಲ್ಲಿದೆ, ಖರ್ಚು ಎಲ್ಲಿ ಅಡಗಿದೆ

ಮದುವೆ ಮನೆ, ಕೇಬಲ್ ಸುದ್ದಿ, ಕಾಲೇಜು ವಾರ್ಷಿಕೋತ್ಸವ ಎಂದು ವರ್ಷಗಟ್ಟಲೆ ದುಡಿದ ಸೋನಿ ಪಿಡಿ150, ಪಿಡಿ170 ಟೇಪ್ ಕ್ಯಾಮೆರಾಗಳು ಸ್ಟುಡಿಯೊಗಳ ಅಟ್ಟದಿಂದ ಇಳಿದು ಮಾರಾಟಕ್ಕೆ ಬರುತ್ತಿವೆ. ಭುಜದ ಮೇಲಿಡುವ ಡಿಎಸ್‌ಆರ್ ಸರಣಿ, ಎಚ್‌ಡಿವಿಯ (ಚಿಕ್ಕ ಕ್ಯಾಸೆಟಿನಲ್ಲೇ ಎಚ್‌ಡಿ ಚಿತ್ರ ಬರೆಯುವ ಬಗೆ) ಝಡ್1, ಅಪರೂಪಕ್ಕೆ ಡಿಜಿಟಲ್‌ಗಿಂತ ಹಿಂದಿನ ಬೀಟಾಕ್ಯಾಮ್ ಎಸ್‌ಪಿ ಕೂಡ ಸಿಗುತ್ತವೆ. ಮಾರುವವರು ಹೇಳುವ ಮಾತು ಒಂದೇ: “ಆನ್ ಆಗುತ್ತೆ ಸಾರ್, ಪಿಕ್ಚರ್ ಬರುತ್ತೆ.” ಅದು ಸುಳ್ಳಲ್ಲ. ಆದರೆ ಆ ಒಂದು ಪೆಟ್ಟಿಗೆಯೊಳಗೆ ಎರಡು ಯಂತ್ರಗಳಿವೆ: ಬೆಳಕನ್ನು ಚಿತ್ರ ಮಾಡುವ ಕ್ಯಾಮೆರಾ ಒಂದು, ಆ ಚಿತ್ರವನ್ನು ಟೇಪಿಗೆ ಇಳಿಸುವ ರೆಕಾರ್ಡರ್ ಇನ್ನೊಂದು. ಆನ್ ಮಾಡಿದರೆ ಕಾಣುವುದು ಮೊದಲನೆಯದು ಮಾತ್ರ. ದುಬಾರಿ ರೋಗಗಳು ಹೆಚ್ಚಾಗಿ ಎರಡನೆಯದರಲ್ಲಿರುತ್ತವೆ.

ಹಾಗಾಗಿ ಕೆಳಗಿನ ಪರೀಕ್ಷೆಗಳ ಮೊದಲ ಉದ್ದೇಶ ದೋಷವನ್ನು ರಿಪೇರಿ ಮಾಡುವುದಲ್ಲ, ಅದು ಯಾವ ಭಾಗದ್ದು ಎಂದು ಬೇರ್ಪಡಿಸುವುದು. ಭಾಗ ಗೊತ್ತಾದರೆ ಬೆಲೆ ತಾನೇ ಗೊತ್ತಾಗುತ್ತದೆ.

ನೋಡಲು ಹೋಗುವಾಗ ಒಯ್ಯಬೇಕಾದವು

ಚಾರ್ಜ್ ಮಾಡಿದ ನಿಮ್ಮದೇ ಬ್ಯಾಟರಿ (ಪಿಡಿ150, ಪಿಡಿ170, ಝಡ್1ಗೆ ಎನ್‌ಪಿ-ಎಫ್ ಸರಣಿ), ಸೀಲ್ ಒಡೆಯದ ಒಂದು ಮಿನಿ ಡಿವಿ ಕ್ಯಾಸೆಟ್, ಇನ್ನೊಂದು ಆರೋಗ್ಯವಂತ ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್, ಒಣ ಬಗೆಯ ಹೆಡ್ ಕ್ಲೀನಿಂಗ್ ಕ್ಯಾಸೆಟ್ (ಟೇಪಿಗೆ ಬರೆಯುವ, ಓದುವ ಪುಟ್ಟ ತುದಿಯೇ ಹೆಡ್), ಚಿಕ್ಕ ಟಾರ್ಚ್, ಹೆಡ್‌ಫೋನ್, ಒಂದು ಎಕ್ಸ್‌ಎಲ್‌ಆರ್ (ವೃತ್ತಿಪರ ದುಂಡು ಪ್ಲಗ್‌ನ) ಮೈಕ್, ಎವಿ ಕೇಬಲ್. ಮುಕ್ಕಾಲು ಗಂಟೆ ಕೂತು ನೋಡಲು ಬಿಡದ ಮಾರಾಟಗಾರರ ಹತ್ತಿರ ಕೊಳ್ಳಬೇಡಿ.

ಸ್ವಿಚ್ ಹಾಕುವ ಮೊದಲು

ತಳದ ಮಾಡೆಲ್ ಪಟ್ಟಿ ಓದಿ. ಸೋನಿ ವೃತ್ತಿಪರ ಕ್ಯಾಮೆರಾಗಳಲ್ಲಿ ಸಂಖ್ಯೆಯ ಕೊನೆಗೆ ‘ಪಿ’ ಇದ್ದರೆ (ಡಿಎಸ್‌ಆರ್-ಪಿಡಿ170ಪಿ) ಅದು ಪಾಲ್, ಅಂದರೆ ನಮ್ಮ ದೇಶದ ಟಿವಿ ಪದ್ಧತಿಯದು. ಇಲ್ಲದಿದ್ದರೆ ಬಹುಮಟ್ಟಿಗೆ ಅಮೆರಿಕ ಅಥವಾ ಜಪಾನಿನಿಂದ ಬಂದ, ಅಲ್ಲಿನ ಪದ್ಧತಿಯಾದ ಎನ್‌ಟಿಎಸ್‌ಸಿ. ಪಿಡಿ170ರಲ್ಲಿ ಒಂದನ್ನು ಇನ್ನೊಂದಾಗಿ ಬದಲಿಸುವ ಮೆನು ಇಲ್ಲ. ಎನ್‌ಟಿಎಸ್‌ಸಿ ಕ್ಯಾಮೆರಾ ನಮ್ಮ 50 ಹರ್ಟ್ಸ್ ಟ್ಯೂಬ್‌ಲೈಟ್ ಕೆಳಗೆ ಮಿಣುಕುತ್ತದೆ. ಶಟರ್ 1/100ಕ್ಕೆ ಇಟ್ಟರೆ ನಿಲ್ಲುತ್ತದೆ. ಅದನ್ನು ಸೆನ್ಸರ್ ದೋಷ ಎಂದುಕೊಂಡು ಬೆಲೆ ಇಳಿಸುವವರೂ ಇದ್ದಾರೆ, ಪಾಲ್ ಎಂದುಕೊಂಡು ಪೂರ್ತಿ ಬೆಲೆ ಕೊಟ್ಟು ಬರುವವರೂ ಇದ್ದಾರೆ.

ನಂತರ ಲೆನ್ಸ್. ಟಾರ್ಚನ್ನು ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಲೆನ್ಸ್ ಬಿಚ್ಚಬಹುದಾದ ಕ್ಯಾಮೆರಾ ಆದರೆ ಬಿಚ್ಚಿ ಹಿಂದಿನಿಂದಲೂ ನೋಡಿ. ಬಲೆಯಂತೆ ಕವಲೊಡೆದ ಬಿಳಿ ಎಳೆಗಳು ಕಂಡರೆ ಫಂಗಸ್. ಕರಾವಳಿ, ಮಲೆನಾಡುಗಳಲ್ಲಿ ಬ್ಯಾಗಿನಲ್ಲೇ ಮುಚ್ಚಿಟ್ಟ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ. ಅಂಚಿನಲ್ಲಿ ಸ್ವಲ್ಪ ಇದ್ದರೆ ಚಿತ್ರಕ್ಕೆ ಅಷ್ಟಾಗಿ ತೊಂದರೆಯಿಲ್ಲ. ನಡುವಿನಲ್ಲಿದ್ದರೆ ದೀಪದ ಎದುರು ಚಿತ್ರ ಮಂಜಾಗುತ್ತದೆ. ಪಿಡಿ170ರಂತೆ ಲೆನ್ಸ್ ಬಿಚ್ಚಲಾಗದ ಕ್ಯಾಮೆರಾದಲ್ಲಿ ನಡುವಿನ ಫಂಗಸ್ ಎಂದರೆ ಪೂರ್ತಿ ಮುಂಭಾಗ ಕಳಚುವ ಕೆಲಸ.

ಕ್ಯಾಸೆಟ್ ಬಾಗಿಲಿನ ಸುತ್ತಲ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ. ಅದೇ ಒಂದು ತಪ್ಪಲ್ಲ, ಆದರೆ ಮುಂದಿನ ಪರೀಕ್ಷೆಯಲ್ಲಿ ಕಣ್ಣು ಚುರುಕಾಗಿರಲಿ.

ಗಂಟೆ ಲೆಕ್ಕ

ಈ ಕ್ಯಾಮೆರಾಗಳು ತಾವು ದುಡಿದ ಗಂಟೆಗಳನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಝಡ್1ರಲ್ಲಿ ಮೆನುವಿನೊಳಗೆ ಅವರ್ಸ್ ಮೀಟರ್ ಎಂದೇ ಇದೆ. ಭುಜದ ಕ್ಯಾಮೆರಾಗಳಲ್ಲಿ ಪಕ್ಕದ ಪುಟ್ಟ ಪರದೆಯಲ್ಲೋ ಮೆನುವಿನಲ್ಲೋ ಸಿಗುತ್ತದೆ. ಸಿಗುವ ಲೆಕ್ಕ ನಾಲ್ಕು ಬಗೆಯದು: ಆನ್ ಇದ್ದ ಗಂಟೆ, ಡ್ರಮ್ (ಹೆಡ್‌ಗಳನ್ನು ಹೊತ್ತು ತಿರುಗುವ ಉರುಳೆ) ತಿರುಗಿದ ಗಂಟೆ, ಟೇಪ್ ಓಡಿದ ಗಂಟೆ, ಟೇಪನ್ನು ಡ್ರಮ್ಮಿಗೆ ಸುತ್ತಿ ಬಿಚ್ಚಿದ ಸಲ. ಮಾರುವವರು ಮೊದಲನೆಯದನ್ನು ತೋರಿಸುತ್ತಾರೆ. ನಿಮಗೆ ಬೇಕಾದದ್ದು ಎರಡನೆಯದು ಮತ್ತು ನಾಲ್ಕನೆಯದು. ಹೆಡ್ ಸವೆಯುವುದು ಡ್ರಮ್ ಗಂಟೆಯಿಂದ. ಟೇಪನ್ನು ಒಳಗೆಳೆಯುವ ಲೋಡಿಂಗ್ ಗಿಯರ್, ಯಂತ್ರ ಯಾವ ಹಂತದಲ್ಲಿದೆ ಎಂದು ತಿಳಿಸುವ ಮೋಡ್ ಸ್ವಿಚ್ ಸವೆಯುವುದು ಸುತ್ತುವ ಸಂಖ್ಯೆಯಿಂದ.

ನಮ್ಮ ಅಳತೆ ಇದು: ಡ್ರಮ್ 500 ಗಂಟೆಯೊಳಗೆ ಇದ್ದರೆ ನಿಶ್ಚಿಂತೆ, 1,000 ದಾಟಿದರೆ ಸವೆದಿದೆ ಎಂದೇ ಎಣಿಸಿ ಪರೀಕ್ಷಿಸಿ, 2,000ದ ಹತ್ತಿರ ಇದ್ದರೆ ಹೆಡ್ ಬದಲಾಯಿಸಿದ್ದಕ್ಕೆ ಬಿಲ್ ಕೇಳಿ. ಡ್ರಮ್ ಬದಲಾಯಿಸಿದಾಗ ಲೆಕ್ಕವನ್ನು ಸೊನ್ನೆಗೆ ತರಲಾಗುತ್ತದೆ. ಡ್ರಮ್ ಬದಲಾಯಿಸದೆಯೂ ತರಬಹುದು. ಕೀಲಿಗಳ ಅಕ್ಷರ ಅಳಿಸಿ, ಹಿಡಿಯ ರಬ್ಬರ್ ನುಣುಪಾಗಿ ಹೋಗಿರುವ ಕ್ಯಾಮೆರಾ 60 ಗಂಟೆ ತೋರಿಸಿದರೆ ಆ ಸಂಖ್ಯೆಯನ್ನು ನಂಬಬೇಡಿ.

ಮೊದಲ ಬೇರ್ಪಡಿಕೆ: ಲೈವ್ ಚಿತ್ರವೋ, ಪ್ಲೇ ಚಿತ್ರವೋ

ಎವಿ ಕೇಬಲನ್ನು ಟಿವಿಗೆ ಜೋಡಿಸಿ. ಕ್ಯಾಮೆರಾ ಮೋಡ್‌ನಲ್ಲಿ ಬರುವ ಲೈವ್ ಚಿತ್ರ ಟೇಪನ್ನು ಮುಟ್ಟುವುದೇ ಇಲ್ಲ. ದೋಷ ಇಲ್ಲಿಯೇ ಕಂಡರೆ ಲೆನ್ಸ್, ಸಿಸಿಡಿ (ಬೆಳಕನ್ನು ಚಿತ್ರ ಮಾಡುವ ಸೆನ್ಸರ್), ಬೋರ್ಡ್ — ಈ ಮೂರರಲ್ಲಿ ಒಂದು. ಲೈವ್ ಸ್ವಚ್ಛವಾಗಿದ್ದು, ರೆಕಾರ್ಡ್ ಮಾಡಿ ಹಿಂದಕ್ಕೆ ತಿರುಗಿಸಿ ಪ್ಲೇ ಮಾಡಿದಾಗ ಕೆಟ್ಟಿದ್ದರೆ ಟೇಪ್ ಭಾಗದ್ದು. ಟಿವಿಯಲ್ಲಿ ಎರಡೂ ಸರಿಯಿದ್ದು ಎಲ್‌ಸಿಡಿಯಲ್ಲಿ ಮಾತ್ರ ತೊಂದರೆ ಇದ್ದರೆ ಪರದೆಯ ಮಡಿಕೆಯೊಳಗಿನ ತೆಳು ಕೇಬಲ್ ಹರಿದಿರುತ್ತದೆ; ಪರದೆಯನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಚಿತ್ರ ಹೋಗಿ ಬರುವುದೇ ಅದರ ಗುರುತು.

ರೆಕಾರ್ಡ್ ಆಗುತ್ತಿರುವಾಗ ವ್ಯೂಫೈಂಡರ್‌ನಲ್ಲಿ ಕಾಣುವುದೂ ಲೈವ್ ಚಿತ್ರವೇ. ಹೆಡ್ ಪೂರ್ತಿ ಕಟ್ಟಿಕೊಂಡಿದ್ದರೂ ಅಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ.

ನಾಲ್ಕು ದಾರಿಯ ಟೇಪ್ ಪರೀಕ್ಷೆ

ಇಡೀ ಕೈಪಿಡಿಯಲ್ಲಿ ಒಂದೇ ಪರೀಕ್ಷೆ ಮಾಡಲು ಸಮಯವಿದ್ದರೆ ಇದನ್ನು ಮಾಡಿ.

ಹೊಸ ಕ್ಯಾಸೆಟ್ ಹಾಕಿ ಆರಂಭದಲ್ಲಿ 3 ನಿಮಿಷ, ನಡುವಿನಲ್ಲಿ 3 ನಿಮಿಷ, ಕೊನೆಯಲ್ಲಿ 3 ನಿಮಿಷ ರೆಕಾರ್ಡ್ ಮಾಡಿ. ಸುರುಳಿಯ ದಪ್ಪ ಬದಲಾದಂತೆ ಟೇಪಿನ ಬಿಗಿ ಬದಲಾಗುತ್ತದೆ. ಆರಂಭದಲ್ಲಿ ಸರಿಯಿದ್ದ ಯಂತ್ರ ಕೊನೆಯಲ್ಲಿ ತಡವರಿಸಬಹುದು. ಅದನ್ನು ಅದೇ ಕ್ಯಾಮೆರಾದಲ್ಲಿ ಪ್ಲೇ ಮಾಡಿ. ನಂತರ ನೀವು ಒಯ್ದ ಪರಿಚಿತ ಕ್ಯಾಸೆಟನ್ನು ಇದರಲ್ಲಿ ಪ್ಲೇ ಮಾಡಿ. ಮೂರನೆಯದಾಗಿ ಇದರಲ್ಲಿ ರೆಕಾರ್ಡ್ ಆದ ಕ್ಯಾಸೆಟನ್ನು ಬೇರೆ ಕ್ಯಾಮೆರಾದಲ್ಲೋ ಡೆಕ್‌ನಲ್ಲೋ (ಕ್ಯಾಸೆಟ್ ಓಡಿಸುವ ಮೇಜಿನ ಯಂತ್ರ) ಹಾಕಿ. ನಾಲ್ಕನೆಯದು, ಪರಿಚಿತ ಕ್ಯಾಸೆಟ್ ಬೇರೆ ಡೆಕ್‌ನಲ್ಲಿ ಓಡುತ್ತಿದೆಯೇ ಎಂಬ ಖಾತ್ರಿ; ಇದನ್ನು ಮನೆಯಲ್ಲೇ ಮೊದಲೇ ಮಾಡಿಕೊಂಡಿರಬೇಕು.

ತನ್ನದನ್ನು ತಾನು ಓದುತ್ತದೆ, ಬೇರೆಯದನ್ನು ಓದುವುದಿಲ್ಲ, ತನ್ನದನ್ನು ಬೇರೆ ಯಂತ್ರ ಓದುವುದಿಲ್ಲ — ಹೀಗಾದರೆ ಟೇಪ್ ದಾರಿಯ ಅಲೈನ್‌ಮೆಂಟ್ ತಪ್ಪಿದೆ. ಟೇಪಿನ ಮೇಲೆ ಹೆಡ್ ಬರೆಯುವ ಗೆರೆಯೇ ಟ್ರ್ಯಾಕ್; ಡಿವಿಯಲ್ಲಿ ಅದರ ಅಗಲ 10 ಮೈಕ್ರಾನ್, ಡಿವಿಯ ವೃತ್ತಿಪರ ರೂಪವಾದ ಡಿವಿಕ್ಯಾಮ್‌ನಲ್ಲಿ 15 ಮೈಕ್ರಾನ್. ಟೇಪಿಗೆ ದಾರಿ ತೋರುವ ಗೈಡ್ ಕಂಬ ಕೂದಲೆಳೆಯಷ್ಟು ಏರಿಳಿದರೂ ಸಾಕು. ತಪ್ಪಾಗಿ ಬರೆದದ್ದನ್ನು ಅದೇ ತಪ್ಪಿನಿಂದ ಓದುವುದರಿಂದ ಮಾರುವವರ ಅಂಗಡಿಯಲ್ಲಿ ಎಲ್ಲವೂ ಸರಿ ಕಾಣುತ್ತದೆ. ಇದೇ ಅತ್ಯಂತ ಮೋಸದ ದೋಷ. ಸರಿಪಡಿಸಲು ಅಲೈನ್‌ಮೆಂಟ್ ಟೇಪ್ ಬೇಕು, ಹೆಡ್ಡಿನಿಂದ ಬರುವ ಆರ್‌ಎಫ್ ಅಲೆಯನ್ನು ನೋಡಲು ಆಸಿಲ್ಲೊಸ್ಕೋಪ್ ಬೇಕು, ಎರಡನ್ನೂ ಬಳಸಿ ಗೊತ್ತಿರುವ ಕೈ ಬೇಕು. ಮೂರೂ ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿವೆ.

ಹೊರಗಿನ ಕ್ಯಾಸೆಟ್ ಚೆನ್ನಾಗಿ ಓದುತ್ತದೆ, ತಾನು ರೆಕಾರ್ಡ್ ಮಾಡಿದ್ದು ಎಲ್ಲಿ ಹಾಕಿದರೂ ಕೆಟ್ಟಿದೆ ಎಂದರೆ ರೆಕಾರ್ಡ್ ಶಕ್ತಿ ಕುಂದಿದೆ: ಸವೆದ ಹೆಡ್ ಅಥವಾ ಅದರ ಹಿಂದಿನ ರೆಕಾರ್ಡ್ ಸರ್ಕ್ಯೂಟ್. ಸವೆದ ಹೆಡ್ ಬರೆಯುವುದರಲ್ಲಿ ಮೊದಲು ಸೋಲುತ್ತದೆ, ಓದುವುದರಲ್ಲಿ ಆಮೇಲೆ.

ಕೆಟ್ಟ ಚಿತ್ರವನ್ನು ಓದುವುದು

ಡಿವಿ ಪಾಲ್‌ನಲ್ಲಿ ಒಂದು ಫ್ರೇಮ್ 12 ಟ್ರ್ಯಾಕ್‌ಗಳಲ್ಲಿ ಹಂಚಿಹೋಗಿರುತ್ತದೆ, ಒಂದೊಂದು ಟ್ರ್ಯಾಕಿಗೆ ಚಿತ್ರದ 48 ಸಾಲಿನ ಒಂದು ಅಡ್ಡಪಟ್ಟಿ. ಎರಡು ಹೆಡ್ ಸರದಿಯಂತೆ ಬರೆಯುತ್ತವೆ. ಹಾಗಾಗಿ ಒಂದು ಹೆಡ್ ಕಟ್ಟಿಕೊಂಡರೆ ಚಿತ್ರದಲ್ಲಿ ಒಂದು ಬಿಟ್ಟು ಒಂದರಂತೆ 6 ಪಟ್ಟಿಗಳು ನಿಂತುಹೋಗಿ, ಉಳಿದ 6 ಚಲಿಸುತ್ತವೆ. ಈ ಪಟ್ಟಿಗಳನ್ನು ಕಂಡರೆ ಗಾಬರಿ ಬೇಡ, ಬಹಳ ಸಲ ಅದು ಕೊಳೆ. ಕ್ಲೀನಿಂಗ್ ಕ್ಯಾಸೆಟ್ ಹಾಕಿ 10 ಸೆಕೆಂಡ್ ಪ್ಲೇ ಮಾಡಿ ತೆಗೆಯಿರಿ, ಹಿಂದಕ್ಕೆ ತಿರುಗಿಸಬೇಡಿ. ಮತ್ತೆ ರೆಕಾರ್ಡ್ ಮಾಡಿ ನೋಡಿ. ಮೂರ್ನಾಲ್ಕು ಸಲಕ್ಕೂ ಹೋಗದಿದ್ದರೆ ನಿಲ್ಲಿಸಿ. ಕ್ಲೀನಿಂಗ್ ಟೇಪ್ ಹೆಡ್ಡನ್ನು ಉಜ್ಜುತ್ತದೆ, ಇರುವ ಆಯಸ್ಸನ್ನೂ ತಿನ್ನುತ್ತದೆ. ಹೋಗಿ, ಇಪ್ಪತ್ತು ನಿಮಿಷದಲ್ಲಿ ಮತ್ತೆ ಬಂದರೆ ಹೆಡ್ ಸವೆದಿದೆ ಎಂದೇ ತಿಳಿಯಿರಿ.

ಪಟ್ಟಿಯಿಲ್ಲದೆ ಅಲ್ಲಲ್ಲಿ ಚೌಕಗಳು ಸಿಡಿಯುತ್ತಿದ್ದರೆ ಮೊದಲು ಟೇಪನ್ನು ಅನುಮಾನಿಸಿ. ಪ್ರತಿ ಸಲವೂ ಅದೇ ಟೈಮ್‌ಕೋಡಿನಲ್ಲಿ (ಟೇಪಿನ ಜಾಗ ಹೇಳುವ ಸಮಯದ ಅಂಕಿ) ಬಂದರೆ ಟೇಪಿನ ಗಾಯ. ಪ್ರತಿ ಸಲ ಬೇರೆ ಜಾಗದಲ್ಲಿ ಬಂದರೆ ಯಂತ್ರ. ಡಿವಿಯಲ್ಲಿ ಧ್ವನಿಯೂ ಅದೇ ಓರೆ ಟ್ರ್ಯಾಕಿನಲ್ಲಿರುವುದರಿಂದ ಚೌಕಗಳ ಜೊತೆಗೇ ‘ಟಿಕ್ ಟಿಕ್’ ಕೇಳಿಸುತ್ತದೆ. ಚಿತ್ರ ಸ್ವಚ್ಛ, ಧ್ವನಿ ಮಾತ್ರ ಕೆಟ್ಟಿದೆ ಎಂದರೆ ಹೆಡ್ಡನ್ನು ಬಿಟ್ಟು ಮೈಕ್ ಇನ್‌ಪುಟ್ ನೋಡಿ.

ಎಚ್‌ಡಿವಿಯಲ್ಲಿ ಲೆಕ್ಕ ಬೇರೆ. ಪಾಲ್ ದೇಶಗಳ 50ಐ ಎಚ್‌ಡಿವಿ 12 ಫ್ರೇಮ್‌ಗಳನ್ನು ಒಂದು ಗುಂಪಾಗಿ ಕಟ್ಟುತ್ತದೆ. ಡಿವಿಯಲ್ಲಿ ಒಂದು ಚೌಕವಾಗಿ ಮುಗಿಯುತ್ತಿದ್ದ ಟೇಪಿನ ಗಾಯ ಇಲ್ಲಿ ಸುಮಾರು ಅರ್ಧ ಸೆಕೆಂಡ್ ಚಿತ್ರವನ್ನೇ ನಿಲ್ಲಿಸಿಬಿಡುತ್ತದೆ. ಅದಕ್ಕೇ ಝಡ್1 ಕೊಳ್ಳುವವರು ಡಿವಿ ಮೋಡ್‌ನಲ್ಲಿ ಪರೀಕ್ಷಿಸಿ ತೃಪ್ತರಾಗಬಾರದು.

ಬೀಟಾಕ್ಯಾಮ್ ಎಸ್‌ಪಿಯಲ್ಲಿ ಹೊಳಪು ಒಂದು ಟ್ರ್ಯಾಕಿನಲ್ಲಿ, ಬಣ್ಣ ಇನ್ನೊಂದರಲ್ಲಿ. ಚಿತ್ರ ಗಟ್ಟಿಯಾಗಿದ್ದು ಬಣ್ಣ ಮಾತ್ರ ಹರಿದುಹೋಗುತ್ತಿದ್ದರೆ ಬಣ್ಣದ ಹೆಡ್. ಧ್ವನಿಯ 1, 2ನೇ ಚಾನೆಲ್‌ಗಳು ಟೇಪಿನ ಅಂಚಿನಲ್ಲಿ, ನಿಂತ ಹೆಡ್ಡಿನಿಂದ ಬರೆದದ್ದು. ಚಿತ್ರ ಸರಿಯಿದ್ದು ಈ ಎರಡು ಮಂಕಾಗಿದ್ದರೆ ಆ ಹೆಡ್ಡಿನ ಮುಖದ ಕೊಳೆ, ಅಗ್ಗದ ರೋಗ. ಆದರೆ ಇಲ್ಲೊಂದು ತೊಡಕಿದೆ: ಹಲವು ಬೀಟಾಕ್ಯಾಮ್ ಕ್ಯಾಮ್‌ಕಾರ್ಡರ್‌ಗಳು ತಾವು ರೆಕಾರ್ಡ್ ಮಾಡಿದ್ದನ್ನು ವ್ಯೂಫೈಂಡರ್‌ನಲ್ಲಿ ಕಪ್ಪುಬಿಳುಪಾಗಿ ಮಾತ್ರ ತೋರಿಸುತ್ತವೆ. ಬಣ್ಣ ನೋಡಲು ಡೆಕ್ ಬೇಕು. ಕ್ಯಾಮೆರಾಕ್ಕಿಂತ ಡೆಕ್ ದುಬಾರಿಯಾಗುವುದು ಇಲ್ಲಿ ಮಾಮೂಲು, ಅದನ್ನು ಕ್ಯಾಮೆರಾದ ಬೆಲೆಗೆ ಈಗಲೇ ಕೂಡಿಸಿ.

ಟೇಪ್ ಒಳಗೆ ಹೋಗದಿದ್ದರೆ, ಹೊರಗೆ ಬರದಿದ್ದರೆ

ಪಿಡಿ ಸರಣಿಯ ಪರದೆಯಲ್ಲಿ ಸಿ:21 ಮಿನುಗಿದರೆ ಒಳಗೆ ತೇವ ಕೂತಿದೆ. ಕ್ಯಾಸೆಟ್ ತೆಗೆದು, ಬಾಗಿಲು ತೆರೆದಿಟ್ಟು ಒಂದು ಗಂಟೆ ಬಿಡಿ. ಒಣ ಕೋಣೆಯಲ್ಲೂ ಮತ್ತೆ ಮತ್ತೆ ಬಂದರೆ ತೇವದ ಸೆನ್ಸರೇ ಕೆಟ್ಟಿದೆ. ಸಿ:22 ಹೆಡ್ ಕೊಳೆ. ಸಿ:31, ಸಿ:32 ಬಂದರೆ ಕ್ಯಾಸೆಟ್ ತೆಗೆದು, ಬ್ಯಾಟರಿ ಬಿಚ್ಚಿ, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಮರುಕಳಿಸಿದರೆ ಮೆಕ್ಯಾನಿಸಂ: ಲೋಡಿಂಗ್ ಮೋಟರ್, ಬಿರುಕುಬಿಟ್ಟ ಗಿಯರ್ ಅಥವಾ ಮೋಡ್ ಸ್ವಿಚ್. ಮೋಡ್ ಸ್ವಿಚ್ಚಿನ ತಾಮ್ರ ಕಪ್ಪಾದರೆ ಯಂತ್ರಕ್ಕೆ ತಾನು ಯಾವ ಹಂತದಲ್ಲಿದ್ದೇನೆ ಎಂದೇ ತಿಳಿಯುವುದಿಲ್ಲ. ಕ್ಯಾಸೆಟ್ ಅರ್ಧ ಇಳಿದು ಮತ್ತೆ ಮೇಲೇಳುತ್ತದೆ. ಬಿಚ್ಚಿ ಸ್ವಚ್ಛ ಮಾಡಿದರೆ ಸರಿಹೋಗುವ ದೋಷ ಇದು, ಆದರೆ ಕೂಲಿ ಇದೆ. ಇ:61, ಇ:62 ಲೆನ್ಸ್ ಕಡೆಯದು: ಫೋಕಸ್ ಇಲ್ಲವೇ ನಡುಕ ತಡೆಯುವ ಸ್ಟೆಡಿಶಾಟ್. ಅದರಲ್ಲಿ ಟೇಪ್ ಭಾಗದ ಪಾತ್ರವಿಲ್ಲ.

ಹೊರಬಂದ ಕ್ಯಾಸೆಟಿನ ಮುಚ್ಚಳ ಎತ್ತಿ ಟೇಪಿನ ಅಂಚು ನೋಡಿ. ಸುಕ್ಕು, ಮಡಿಕೆ ಕಂಡರೆ ಗೈಡ್ ಅಥವಾ ಪಿಂಚ್ ರೋಲರ್ (ಟೇಪನ್ನು ಒತ್ತಿ ಓಡಿಸುವ ರಬ್ಬರ್ ಉರುಳೆ) ತಪ್ಪು. ಒಳ್ಳೆಯ ಪಿಂಚ್ ರೋಲರ್ ಮಂಕುಗಪ್ಪಾಗಿ, ಒತ್ತಿದರೆ ಮೆತ್ತಗಿರುತ್ತದೆ. ಗಟ್ಟಿಯಾದದ್ದು ಸವೆದ ಹವಾಯಿ ಚಪ್ಪಲಿಯ ಅಟ್ಟೆಯಂತೆ ಹೊಳೆಯುತ್ತದೆ. ಮದುವೆಯ ಮೂಲ ಕ್ಯಾಸೆಟ್ ಡಿಜಿಟಲ್ ಮಾಡಲೆಂದು ಕ್ಯಾಮೆರಾ ಕೊಳ್ಳುತ್ತಿದ್ದರೆ ಈ ಪರೀಕ್ಷೆಯಾಗದೆ ಆ ಕ್ಯಾಸೆಟನ್ನು ಒಳಗೆ ಹಾಕಲೇಬೇಡಿ.

ಕೈಯಿಂದ ಸ್ವಚ್ಛ ಮಾಡುವುದಾದರೆ 99% ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಶಾಮಿ ಚರ್ಮದ ಕಡ್ಡಿಯನ್ನು ಡ್ರಮ್ಮಿಗೆ ಮೆಲ್ಲಗೆ ತಾಗಿಸಿ ಹಿಡಿದು, ಡ್ರಮ್ಮಿನ ತಲೆಯನ್ನು ಬೆರಳಿನಿಂದ ತಿರುಗಿಸಬೇಕು. ಕಡ್ಡಿ ಅಲುಗಬಾರದು, ಮೇಲೆ ಕೆಳಗೆ ಅಂತೂ ಎಳೆಯಲೇಬಾರದು. ಹೆಡ್ಡಿನ ತುದಿ ಮುರಿಯುವುದು ಹಾಗೆಯೇ. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ, ನೂಲು ಸಿಕ್ಕಿಕೊಳ್ಳುತ್ತದೆ.

ಕ್ಯಾಮೆರಾ ಭಾಗ

20 ನಿಮಿಷ ಆನ್ ಇಟ್ಟು ಬಿಸಿಯಾಗಲು ಬಿಡಿ. ಲೆನ್ಸ್ ಮುಚ್ಚಿ, ಚಿತ್ರವನ್ನು ಬೆಳಗಿಸುವ ಗೇನ್ ಅನ್ನು 18 ಡಿಬಿಗೆ ಏರಿಸಿ, ಟಿವಿಯಲ್ಲಿ ನೋಡಿ. ಕದಲದೆ ಉರಿಯುವ ಬಿಳಿ, ಕೆಂಪು, ನೀಲಿ ಚುಕ್ಕೆಗಳು ಸತ್ತ ಪಿಕ್ಸೆಲ್‌ಗಳು. ಭುಜದ ಕ್ಯಾಮೆರಾಗಳಲ್ಲಿ ಆಟೊ ಬ್ಲ್ಯಾಕ್ ಬ್ಯಾಲೆನ್ಸ್ ಎರಡು-ಮೂರು ಸಲ ಒತ್ತಿದರೆ ಕೆಲವು ಮುಚ್ಚಿಹೋಗುತ್ತವೆ. 0 ಡಿಬಿಯಲ್ಲೂ ಉಳಿದರೆ ಬೆಲೆ ಇಳಿಸಿ. ಚಿತ್ರಕ್ಕೆ ಪೂರ್ತಿ ಹಸಿರು ಅಥವಾ ಕೆನ್ನೀಲಿ ಬಣ್ಣ ಕವಿದು ವೈಟ್ ಬ್ಯಾಲೆನ್ಸಿಗೂ ಜಗ್ಗದಿದ್ದರೆ ಮೂರರಲ್ಲಿ ಒಂದು ಸಿಸಿಡಿಯೋ ಅದರ ಬೋರ್ಡೋ ಹೋಗಿದೆ. ಅಲ್ಲಿಗೆ ವ್ಯಾಪಾರ ಮುಗಿಸಿ ಎದ್ದುಬನ್ನಿ.

ಟೆಲಿಯಲ್ಲಿ (ಪೂರ್ತಿ ಝೂಮ್ ಮಾಡಿದಾಗ) ಫೋಕಸ್ ಸರಿಯಿದ್ದು ವೈಡಿಗೆ ಬಂದಾಗ ಮಸುಕಾದರೆ ಬ್ಯಾಕ್ ಫೋಕಸ್, ಅಂದರೆ ಲೆನ್ಸಿಗೂ ಸಿಸಿಡಿಗೂ ನಡುವಿನ ಹೊಂದಿಕೆ ತಪ್ಪಿದೆ. ಬಿಚ್ಚುವ ಲೆನ್ಸ್‌ನಲ್ಲಿ ಪುಕ್ಕಟೆ ರಿಪೇರಿ: ಸುಮಾರು 3 ಮೀಟರ್ ದೂರದಲ್ಲಿ ನಕ್ಷತ್ರದ ಚಾರ್ಟ್ ಇಟ್ಟು, ಐರಿಸ್ ಪೂರ್ತಿ ತೆರೆದು, ಟೆಲಿಯಲ್ಲಿ ಫೋಕಸ್ ಮಾಡಿ, ವೈಡಿಗೆ ತಂದು ಲೆನ್ಸಿನ ಹಿಂತುದಿಯ ಎಫ್ಎಫ್ ಬಳೆಯನ್ನು ತಿರುಗಿಸಿ ಚುರುಕಾಗಿಸಿ, ಎರಡೂ ಕಡೆ ನಿಲ್ಲುವವರೆಗೆ ಇದನ್ನೇ ಮರಳಿ ಮಾಡಿ, ಬಳೆಯ ಸ್ಕ್ರೂ ಬಿಗಿ ಮಾಡಿ. ಲೆನ್ಸ್ ಇಲ್ಲದೆ ಬಾಡಿ ಮಾತ್ರ ಸಿಗುತ್ತಿದ್ದರೆ ಮೌಂಟ್ (ಲೆನ್ಸ್ ಕೂರುವ ಬಾಯಿ) ನೋಡಿಕೊಳ್ಳಿ. 2/3 ಇಂಚಿನ ಬಿ4 ಲೆನ್ಸ್‌ಗಳು ಹೆಚ್ಚು ಸಿಗುತ್ತವೆ. ಡಿಎಸ್‌ಆರ್-300ರಂಥ 1/2 ಇಂಚಿನ ಬಾಡಿಗೆ ಅವು ನೇರವಾಗಿ ಕೂರುವುದಿಲ್ಲ.

ಎಕ್ಸ್‌ಎಲ್‌ಆರ್ ಎರಡೂ ಚಾನೆಲ್‌ಗೆ ಮೈಕ್ ಹಾಕಿ, ಮೈಕಿಗೆ ವಿದ್ಯುತ್ ಕೊಡುವ 48 ವೋಲ್ಟ್ ಸ್ವಿಚ್ ಹಾಕಿ ತೆಗೆದು, ಲೆವೆಲ್ ತಿರುಪನ್ನು ಹೆಡ್‌ಫೋನ್ ಹಾಕಿಕೊಂಡು ತಿರುಗಿಸಿ. ಕರಕರ ಎಂದರೆ ತಿರುಪಿನ ಕೊಳೆ. ಮೊದಲ ಕಂತಿನ ಪಿಡಿ150ಗಳಲ್ಲಿ ಮೈಕ್ ಧ್ವನಿಯ ಹಿಂದೆ ಹಿಸ್ ಇರುವುದು ಹಳೆಯ ದೂರು, ನಿಮ್ಮ ಕೈಲಿರುವುದು ಕೆಟ್ಟಿದೆ ಎಂದಲ್ಲ.

1980ರ ಕೊನೆ ಹಾಗೂ 1990ರ ದಶಕದ ಬೀಟಾಕ್ಯಾಮ್‌ಗಳಿಗೆ ಇನ್ನೊಂದು ರೋಗವಿದೆ: ಬೋರ್ಡಿಗೆ ಅಂಟಿದ ಚಿಕ್ಕ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಸೋರಿಕೆ. ಆನ್ ಮಾಡಿದ ಮೇಲೆ ಮೀನಿನಂಥ ವಾಸನೆ, ಬಿಸಿಯಾದ ಮೇಲಷ್ಟೇ ಸರಿಹೋಗುವ ಚಿತ್ರ, ಕುಗ್ಗಿದ ಧ್ವನಿ ಇದರ ಲಕ್ಷಣ. ಸೋರಿದ ದ್ರವ ತಾಮ್ರದ ಗೆರೆಗಳನ್ನು ತಿನ್ನುವುದರಿಂದ ಬಳಸದೆ ಇಟ್ಟರೂ ಹಾಳಾಗುತ್ತದೆ. “ಹತ್ತು ವರ್ಷದಿಂದ ಮುಟ್ಟಿಲ್ಲ” ಎಂಬುದು ಇಲ್ಲಿ ಹೊಗಳಿಕೆಯಲ್ಲ. ಬಿಡಿಭಾಗ ಅಗ್ಗ. ಹತ್ತಾರು ಕೆಪಾಸಿಟರ್ ಕಿತ್ತು, ಬೋರ್ಡ್ ತೊಳೆದು, ಮತ್ತೆ ಬೆಸೆಯುವ ಕೂಲಿ ಕ್ಯಾಮೆರಾದ ಬೆಲೆಯನ್ನು ದಾಟಬಹುದು. ಸಿಆರ್‌ಟಿ ವ್ಯೂಫೈಂಡರ್ ಮಂಕಾಗಿದ್ದರೆ ನೀವೇ ಬಿಚ್ಚಲು ಹೋಗಬೇಡಿ, ಒಳಗೆ ಸಾವಿರಾರು ವೋಲ್ಟ್ ಇರುತ್ತದೆ.

ಕ್ಯಾಮೆರಾದ ಹೊರಗಿನ ಖರ್ಚು

ಕಂಪ್ಯೂಟರಿಗೆ ಇಳಿಸುವುದು ಮೊದಲ ಹೊಡೆತ. ಡಿವಿ ಬರುವುದು ಫೈರ್‌ವೈರ್ ಎಂಬ ಹಳೆಯ ಬಗೆಯ ಡೇಟಾ ಕೇಬಲ್‌ನಲ್ಲಿ. ಒಂದು ಕಡೆ ಫೈರ್‌ವೈರ್, ಇನ್ನೊಂದು ಕಡೆ ಯುಎಸ್‌ಬಿ ತಲೆ ಇರುವ ಅಗ್ಗದ ಕೇಬಲ್ ಕೊಳ್ಳಬೇಡಿ. ಒಳಗೆ ಬರೀ ತಂತಿ, ಡಿವಿ ಅದರಲ್ಲಿ ಹಾಯುವುದಿಲ್ಲ. ಡೆಸ್ಕ್‌ಟಾಪ್ ಇದ್ದರೆ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಹಾಕಿಸುವುದೇ ಸುಲಭ. ವಿಂಡೋಸ್ 10ರಲ್ಲಿ ಕೆಲವು ಕಾರ್ಡ್‌ಗಳಿಗೆ ಹಳೆಯ ‘ಲೆಗಸಿ’ ಡ್ರೈವರ್ ಹಾಕಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಡಿವಿಗ್ರಾಬ್ ಎಂಬ ತಂತ್ರಾಂಶ ನಡೆಯುತ್ತದೆ. ಮ್ಯಾಕ್‌ನಲ್ಲಿ ಥಂಡರ್‌ಬೋಲ್ಟ್ 3ರಿಂದ 2ಕ್ಕೆ, ಅಲ್ಲಿಂದ ಫೈರ್‌ವೈರ್‌ಗೆ ಎಂದು ಅಡಾಪ್ಟರ್ ಸರಪಳಿ ಬೇಕು. 2025ರ ಮ್ಯಾಕ್‌ಒಎಸ್ ಟಾಹೋದಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆಯಲಾಗಿದೆ, ಹಾಗಾಗಿ ಹಳೆಯ ಆವೃತ್ತಿಯಲ್ಲೇ ನಿಂತ ಯಂತ್ರ ಇರಬೇಕು. 6 ಪಿನ್ನಿನ ಫೈರ್‌ವೈರ್‌ನಲ್ಲಿ ವಿದ್ಯುತ್ತೂ ಹರಿಯುತ್ತದೆ. ಎರಡೂ ಕಡೆ ಆಫ್ ಮಾಡಿ ಜೋಡಿಸಿ. ತಲೆಕೆಳಗಾಗಿ ತುರುಕಿದರೆ ಕ್ಯಾಮೆರಾದ ಪೋರ್ಟ್ ಸುಡುತ್ತದೆ. ಒಂದು ಗಂಟೆ ಡಿವಿಗೆ ಸುಮಾರು 13 ಜಿಬಿ ಜಾಗ ಬೇಕು.

ಟೇಪ್ ಎರಡನೆಯದು. 60 ನಿಮಿಷದ ಮಿನಿ ಡಿವಿ ಕ್ಯಾಸೆಟ್ ಡಿವಿಕ್ಯಾಮ್ ಮೋಡ್‌ನಲ್ಲಿ 40 ನಿಮಿಷವಷ್ಟೇ ಓಡುತ್ತದೆ. ಬೀಟಾಕ್ಯಾಮ್ ಕ್ಯಾಸೆಟ್ ಹೊಸದಾಗಿ ಸಿಗುವುದು ಕಷ್ಟ. ಸಿಗುವುದೆಲ್ಲ ದಾಸ್ತಾನು ಅಥವಾ ಅಳಿಸಿ ಮಾರುವ ಮಾಲು. ಕಂಪನಿ ಬದಲಿಸಿ ಟೇಪ್ ಹಾಕುವಾಗ ನಡುವೆ ಒಮ್ಮೆ ಹೆಡ್ ಕ್ಲೀನ್ ಮಾಡಿ.

ಬ್ಯಾಟರಿಯಲ್ಲಿ ಪಿಡಿ ಸರಣಿಗೆ ಚಿಂತೆಯಿಲ್ಲ, ಎನ್‌ಪಿ-ಎಫ್ ಮಾದರಿ ಎಲ್‌ಇಡಿ ಲೈಟ್‌ಗಳ ಪುಣ್ಯದಿಂದ ಎಲ್ಲ ಕಡೆ ಸಿಗುತ್ತದೆ. ಹಳೆಯ ಎನ್‌ಪಿ-1 ಬ್ಯಾಟರಿಯ ಬೀಟಾಕ್ಯಾಮ್‌ಗೆ ವಿ-ಮೌಂಟ್ ತಟ್ಟೆ ಹಾಕಿಸುವುದೇ ದಾರಿ. 4 ಪಿನ್ ಎಕ್ಸ್‌ಎಲ್‌ಆರ್‌ಗೆ 12 ವೋಲ್ಟ್ ಕೊಡುವಾಗ 1ನೇ ಪಿನ್ ಮೈನಸ್, 4ನೇ ಪಿನ್ ಪ್ಲಸ್. ಸ್ಥಳೀಯವಾಗಿ ಕಟ್ಟಿಸಿದ ಕೇಬಲನ್ನು ಮೀಟರ್ ಹಿಡಿದು ನೋಡದೆ ಚುಚ್ಚಬೇಡಿ. ಪ್ರತಿ ಸಲ ತಾರೀಖು ಕೇಳುವ ಪಿಡಿ170ಕ್ಕೆ ಹೆದರಬೇಕಿಲ್ಲ: ಸ್ವಿಚ್ ಆಫ್ ಇಟ್ಟು ಅಡಾಪ್ಟರಿಗೆ 24 ಗಂಟೆ ಜೋಡಿಸಿಟ್ಟರೆ ಒಳಗಿನ ಚಿಕ್ಕ ಬ್ಯಾಟರಿ ಚಾರ್ಜ್ ಆಗುತ್ತದೆ.

ಟೇಪ್ ಸತ್ತಿದ್ದರೆ ಏನು ಕೊಡಬಹುದು

ಬದಲಿ ಡ್ರಮ್ ಸಿಗುವುದು ಬಹುತೇಕ ಇನ್ನೊಂದು ಕ್ಯಾಮೆರಾದ ಹೊಟ್ಟೆಯಿಂದ. ಆದ್ದರಿಂದ ಡ್ರಮ್ ಅಥವಾ ಅಲೈನ್‌ಮೆಂಟ್ ಹೋದ ಕ್ಯಾಮೆರಾವನ್ನು “ಸರ್ವಿಸ್ ಮಾಡಿಸಿದರೆ ಆಯಿತು” ಎಂಬ ಲೆಕ್ಕದಲ್ಲಿ ಕೊಳ್ಳಬಾರದು. ಬಿಡಿಭಾಗದ ಬೆಲೆಗೆ, ಇಲ್ಲವೇ ಲೈವ್ ಕ್ಯಾಮೆರಾದ ಬೆಲೆಗೆ ಕೊಳ್ಳಬೇಕು. ಸಿಸಿಡಿಯ ಆ ಹಳೆಯ ನೋಟವಷ್ಟೇ ಬೇಕಿರುವ ವಿದ್ಯಾರ್ಥಿಗೆ ಇದೇ ಲಾಭದ ವ್ಯಾಪಾರ: ಕ್ಯಾಸೆಟ್ ಹಾಕದೆ ಕ್ಯಾಮೆರಾ ಮೋಡ್‌ನಲ್ಲಿಟ್ಟು ಫೈರ್‌ವೈರ್‌ನಿಂದ ನೇರ ಕಂಪ್ಯೂಟರಿಗೆ ಹಿಡಿಯಬಹುದು. ಕ್ಯಾಸೆಟ್ ಒಳಗಿದ್ದರೆ ಸ್ಟ್ಯಾಂಡ್‌ಬೈನಲ್ಲಿ 5 ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಎಡಿಟಿಂಗ್‌ನಲ್ಲಿ ಅಂಚುಗಳು ಬಾಚಣಿಗೆ ಹಲ್ಲಿನಂತೆ ಕಂಡು ಚಲನೆ ನಡುಗಿದರೆ ಫೀಲ್ಡ್ ಆರ್ಡರ್ (ಒಂದು ಫ್ರೇಮಿನ ಎರಡು ಅರ್ಧಗಳಲ್ಲಿ ಯಾವುದು ಮೊದಲು ಎಂಬ ಕ್ರಮ) ನೋಡಿ, ಡಿವಿಗೆ ಲೋವರ್ ಫೀಲ್ಡ್ ಮೊದಲು.

ಮನೆಯ ಹಳೆಯ ಮಿನಿ ಡಿವಿ ಕ್ಯಾಸೆಟ್‌ಗಳನ್ನು ಇಳಿಸುವುದೊಂದೇ ಉದ್ದೇಶವಾಗಿದ್ದರೆ ಕ್ಯಾಮೆರಾವನ್ನೇ ಬಿಡಿ. ಡಿಎಸ್‌ಆರ್-11ರಂಥ ಡೆಕ್ ಹುಡುಕಿ; ಪಾಲ್, ಎನ್‌ಟಿಎಸ್‌ಸಿ, ಡಿವಿ, ಡಿವಿಕ್ಯಾಮ್, ಚಿಕ್ಕ ಕ್ಯಾಸೆಟ್, ದೊಡ್ಡ ಕ್ಯಾಸೆಟ್ ಎಲ್ಲವನ್ನೂ ಅದು ಓದುತ್ತದೆ. ಕೊಳ್ಳುವಾಗ ಮಾಡಬೇಕಾದದ್ದು ಅದೇ ಡ್ರಮ್ ಗಂಟೆ, ಅದೇ ಪರಿಚಿತ ಕ್ಯಾಸೆಟ್, ಅದೇ ಪಿಂಚ್ ರೋಲರ್ ಪರೀಕ್ಷೆ.